ನೀರು-ನೆಲ: ಕೊಲಂಬಿಯಾ ಬಯಲಿನ ದುಂಡು ಹೊಲಗಳು

ಪ್ರಶ್ನೆ: ಮಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಕಾರಿನಲ್ಲಿ ಸ್ಪೋಕೇನ್‌ಗೆ ಹೋದೆವು. ಬೆಟ್ಟ ಇಳಿದ ಮೇಲೆ ಬರೀ ಒಣ ಕುರುಚಲು. ಕೊಲಂಬಿಯಾ ನದಿಯ ವ್ಯಾಂಟೇಜ್ ಸೇತುವೆ ದಾಟಿ ಮೇಲೆ ಹತ್ತಿದರೆ ಆಲೂಗಡ್ಡೆ, ಮೆಕ್ಕೆಜೋಳ, ದುಂಡು ದುಂಡು ಹೊಲಗಳು! ಮಳೆಯಿಲ್ಲದ ಕಡೆ ಇದು ಹೇಗೆ? ಜನ ಯಾವಾಗ ಬಂದರು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗ ಅಲ್ಲಿನ ಪಾಸ್ಕೋ ಊರಿನಲ್ಲಿದ್ದಾಗ ಎರಡು ಬೇಸಿಗೆ ನಾನೂ ಆ ಬಯಲು ಸುತ್ತಿದ್ದೇನೆ. ಸಮುದ್ರದಿಂದ ಬರುವ ಮೋಡ ಕ್ಯಾಸ್ಕೇಡ್ ಬೆಟ್ಟದ ಪಡುವಣ ಬದಿಗೇ ಮಳೆ ಸುರಿಸಿ ಮುಗಿಸುತ್ತದೆ. ಆಚೆಯ ಇಫ್ರಾಟಾ ಊರಿಗೆ ಸಿಗುವುದು ವರ್ಷಕ್ಕೆ ಸುಮಾರು 8 ಇಂಚು.

ಹಾಗಿದ್ದೂ 1900ರ ಆಸುಪಾಸಿನಲ್ಲಿ ಜನ ಬಂದರು. ಅಲ್ಲಿ ನಿಂತು ಬೇಸಾಯ ಮಾಡಿದರೆ ಸರ್ಕಾರ 160 ಎಕರೆ ಕೊಡುತ್ತಿತ್ತು. ನಾಲ್ಕು ವರ್ಷ ಮಳೆ ಚೆನ್ನಾಗಿ ಬಂತು, ಗೋಧಿ ಬೆಳೆದರು. ಆಮೇಲೆ ಮಳೆ ಕೈಕೊಟ್ಟಿತು. ಎಷ್ಟೋ ಮಂದಿ ಮನೆ ಬಿಟ್ಟು ಹೊರಟುಹೋದರು.

ಇಫ್ರಾಟಾದ ವಕೀಲ ಬಿಲ್ಲಿ ಕ್ಲಾಪ್, ಕೊಲಂಬಿಯಾ ನದಿಗೆ ಅಡ್ಡ ಕಟ್ಟಿ ನೀರು ಎತ್ತಬಹುದು ಅಂದರು. ವೆನಾಚಿಯ ಪತ್ರಕರ್ತ ರೂಫಸ್ ವುಡ್ಸ್ 1918ರಲ್ಲಿ ಅದನ್ನು ಅಚ್ಚು ಹಾಕಿದರು. ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ಕೆಲಸ ಶುರುವಾಗಿದ್ದು 1933ರಲ್ಲಿ, ಮುಗಿದಿದ್ದು 1942ರಲ್ಲಿ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಅಣೆಕಟ್ಟಿನ ಕರೆಂಟು ಮೊದಲು ಕಾರ್ಖಾನೆಗಳಿಗೆ ಹೋಯಿತು. ಹೊಲಗಳು ಇನ್ನೂ ಹತ್ತು ವರ್ಷ ಕಾದವು.

ಅಣೆಕಟ್ಟಿನ ಪಂಪುಗಳ ಮುಂದೆ ನಾನು ಅರ್ಧ ದಿನ ನಿಂತಿದ್ದೆ. ನದಿ ನೀರನ್ನು ಸುಮಾರು 280 ಅಡಿ ಮೇಲಕ್ಕೆತ್ತಿ, ಬ್ಯಾಂಕ್ಸ್ ಸರೋವರಕ್ಕೆ ತುಂಬುತ್ತವೆ. ಅದು ಮೊದಲು 27 ಮೈಲಿ ಉದ್ದದ ಒಂದು ಒಣ ಕಣಿವೆಯಾಗಿತ್ತು. ಹಿಮಯುಗದ ಪ್ರವಾಹಗಳು ಕೊರೆದಿಟ್ಟಿದ್ದವು. ಅಲ್ಲಿಂದ ಮುಂದೆ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಈಗ ಸುಮಾರು 6.7 ಲಕ್ಷ ಎಕರೆಗೆ ತಲುಪುತ್ತಿದೆ. ಯೋಜನೆಯಲ್ಲಿ 10 ಲಕ್ಷಕ್ಕೂ ಜಾಸ್ತಿ ಇತ್ತು. ಉಳಿದ ಪೂರ್ವದ ಕಡೆ, ಒಡೆಸ್ಸಾ ಸುತ್ತ, ರೈತರು ಆಳದ ಬೋರ್‌ವೆಲ್ ನಂಬಿದ್ದಾರೆ. ಅಲ್ಲಿ ಅಂತರ್ಜಲ ಕುಸಿಯುತ್ತಲೇ ಇದೆ.

ಜಮೀನು ಹಂಚುವಾಗ ಯುದ್ಧದಿಂದ ಮರಳಿದ ಸೈನಿಕರಿಗೆ ಮೊದಲ ಅವಕಾಶ. ಚೀಟಿ ಎತ್ತಿ ಕೊಟ್ಟರು. 1952ರ ಮೇ 29ರಂದು ಒಬ್ಬ ಸೈನಿಕನಿಗಾಗಿ ನೂರಾರು ಜನ ಸೇರಿ, 24 ಗಂಟೆಯಲ್ಲಿ ಮನೆ ಕಟ್ಟಿ, ಹೊಲ ಉತ್ತು ಬಿತ್ತಿ ತೋರಿಸಿದರು. ಉಳಿದವರಿಗೆ ಆ ಭಾಗ್ಯ ಇರಲಿಲ್ಲ. ಇಕ್ಕಟ್ಟಿನ ಗೂಡುಗಳಲ್ಲಿದ್ದು, ದೂಳು ತಿಂದು, ತಾವೇ ನೆಲ ಸಮ ಮಾಡಿಕೊಂಡರು. ದೊಡ್ಡವರು ಜಮೀನು ಕಬಳಿಸಬಾರದು ಅಂತ ಮೊದಲು ಚಿಕ್ಕ ಮಿತಿ ಇತ್ತು. 1982ರಲ್ಲಿ ಅದನ್ನು 960 ಎಕರೆಗೆ ಏರಿಸಿದರು. ನನಗೆ ಇದು ಸರಿ ಕಾಣುವುದಿಲ್ಲ. ಚೀಟಿ ಎತ್ತಿ ನೆಲೆಸಿದಂಥ ಸಣ್ಣ ಕುಟುಂಬಕ್ಕೆ ಈಗ ಅಲ್ಲಿ ಕಾಲೂರುವುದು ಕಷ್ಟ.

ಹೊಲ ದುಂಡಗಿರುವುದು ಏಕೆಂದರೆ, ನೀರಿನ ಪೈಪು ಗಾಲಿಗಳ ಮೇಲೆ ನಡುಗೂಟದ ಸುತ್ತ ಗಾಣದೆತ್ತಿನಂತೆ ತಿರುಗುತ್ತದೆ. 160 ಎಕರೆಯ ಚೌಕದಲ್ಲಿ ನೆನೆಯುವುದು ಸುಮಾರು 130 ಎಕರೆ.

ಪ್ರಶ್ನೆ: ನಮ್ಮ ಕಡೆ ಕಾಲುವೆ ಬಂದಲ್ಲೆಲ್ಲ ಭೂಮಿ ಸವಳಾಯಿತು. ಅವರಿಗೆ ಆಗಲಿಲ್ಲವಾ?
– ಓದುಗರು, ಗಂಗಾವತಿ

ಉತ್ತರ: ಆಯಿತು. ಕಾಲುವೆ ನೀರು ಇಂಗಿ ಇಂಗಿ ಕೆಳಗಿನ ನೀರು ಮೇಲೆದ್ದಿತು, ತಗ್ಗು ಹೊಲಗಳು ಜವಳಾದವು. ಅದಕ್ಕೆ ಬಸಿಗಾಲುವೆ ತೋಡಿದರು, ನೆಲದಡಿ ಪೈಪು ಹೂತರು. ಬಸಿದ ನೀರನ್ನು ಬಿಸಾಡಲಿಲ್ಲ. 1949ರಲ್ಲೇ ಕಟ್ಟಿದ್ದ ಓಸುಲ್ಲಿವನ್ ಅಣೆಕಟ್ಟಿನ ಹಿಂದೆ ಅದು ಸೇರುತ್ತದೆ, ಅಲ್ಲಿಂದ ದಕ್ಷಿಣದ ಹೊಲಗಳಿಗೆ ಮತ್ತೆ ಹರಿಯುತ್ತದೆ. ಇದನ್ನು ನೋಡಿದ ದಿನ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ತುಂಗಭದ್ರಾ ಅಣೆಕಟ್ಟೂ 1953ರದೇ, ಹೆಚ್ಚುಕಮ್ಮಿ ಒಂದೇ ವಯಸ್ಸು. ಸಿಂಧನೂರು ಬಳಿ ಅಪ್ಪ ಕಟ್ಟಿದ ಗದ್ದೆಯಲ್ಲಿ ಎರಡೂವರೆ ಎಕರೆ ಬೆಳ್ಳಗೆ ಉಪ್ಪೆದ್ದು ಕೂತಿದೆ. ಬಸಿಗಾಲುವೆ ಕೇಳಿ ಕೊಟ್ಟ ಅರ್ಜಿಗಳ ನಕಲು ಇನ್ನೂ ಪೆಟ್ಟಿಗೆಯಲ್ಲಿವೆ. ನೀವೂ ಒಬ್ಬೊಬ್ಬರೇ ಬರೆಯಬೇಡಿ. ಒಂದೇ ತೂಬಿನ ರೈತರೆಲ್ಲ ಸೇರಿ ಕೇಳಿ. ಅಲ್ಲಿಯವರೆಗೆ ಜವಳು ಹೊಲಕ್ಕೆ ನೀರು ಕಮ್ಮಿ ಬಿಡಿ, ಬದುವಿನ ಪಕ್ಕ ನೀವೇ ಬಸಿಗಾಲುವೆ ತೋಡಿ.

ಪ್ರಶ್ನೆ: ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಮೊದಲು ಅಲ್ಲಿ ಯಾರಿದ್ದರು?
– ಓದುಗರು, ಶಿರಸಿ

ಉತ್ತರ: ಮೂಲನಿವಾಸಿ ಬುಡಕಟ್ಟುಗಳು. ಸಮುದ್ರದಿಂದ ನದಿ ಹತ್ತಿ ಬರುವ ಸಾಲ್ಮನ್ ಮೀನೇ ಅವರ ಊಟ, ಅವರ ಹಬ್ಬ. ಅಣೆಕಟ್ಟಿಗೆ ಮೀನು ಹತ್ತುವ ದಾರಿ ಇಡಲಿಲ್ಲ. 1940ರ ಜೂನ್‌ನಲ್ಲಿ ಕೆಟಲ್ ಫಾಲ್ಸ್ ಎಂಬ ಅವರ ಮೀನಿನ ಜಲಪಾತ ಮುಳುಗುವ ಮುಂಚೆ, ಬೇರೆ ಬೇರೆ ಕಡೆಯಿಂದ ಬಂದು ಸೇರಿ ಮೂರು ದಿನ ಅತ್ತರು. ಕಾಲ್‌ವಿಲ್ ಬುಡಕಟ್ಟುಗಳಿಗೆ ಸರ್ಕಾರ ಪರಿಹಾರ ಒಪ್ಪಿಕೊಂಡಿದ್ದು 1994ರಲ್ಲಿ. ಸಾಲ್ಮನ್ ಮತ್ತೆ ಮೇಲೆ ಬರುವಂತೆ ಮಾಡಲು ಆ ಜನ ಈಗಲೂ ದುಡಿಯುತ್ತಿದ್ದಾರೆ. ಅಣೆಕಟ್ಟಿನ ಮೇಲ್ಗಡೆ ನೀರಿಗೆ ತಾವೇ ಮೀನು ತಂದು ಬಿಡುತ್ತಿದ್ದಾರೆ.