ಬೇಸಿಗೆ ರಜೆಯಲ್ಲಿ ಹೆಣ್ಣುಮಕ್ಕಳ ಜಗಳ: ನಾಲ್ವರ ತಂದೆಯೊಬ್ಬನ ಉತ್ತರ

ಮೂವರು ಹೆಣ್ಣುಮಕ್ಕಳಿರುವ ಮನೆಯಲ್ಲಿ ಬೇಸಿಗೆ ರಜೆಯ ಜಗಳಗಳನ್ನು ನಿಭಾಯಿಸುವುದು ಹೇಗೆ, ಇನ್ನೊಂದು ಫ್ಯಾನು ಕೊಂಡರೆ ಮನೆಯಲ್ಲಿ ಶಾಂತಿ ನೆಲೆಸೀತೇ ಎಂದು ನೀವು ಕೇಳಿದ್ದೀರಿ. ನನಗೆ ನಾಲ್ವರು ಹೆಣ್ಣುಮಕ್ಕಳು. ದೊಡ್ಡವಳು ಬೆಳೆದು ನಿಂತಿದ್ದಾಳೆ, ಕಿರಿಯವಳಿಗೆ ಭಾಗಾಕಾರ ಈಗಷ್ಟೇ ಕೈಗೆ ಬಂದಿದೆ. ಈ ಎರಡನೆಯ ಸಂಗತಿ ಮುಂದೆ ಮುಖ್ಯವಾಗುತ್ತದೆ. ಬೇಸಿಗೆಯ ಜಗಳಕ್ಕೆ ಸೆಕೆ ಬರೀ ನೆಪ ಎಂಬುದು ನನ್ನ ಅನುಭವ. ಶಾಲೆಯ ದಿನಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿನಲ್ಲಿ ಬೇಕಾಗುತ್ತಿದ್ದ ಕನ್ನಡಿ, ಸ್ನಾನದ ಮನೆ, ಫ್ಯಾನಿನ ಗಾಳಿ, ಫ್ರಿಜ್ಜಿನಲ್ಲಿ ಉಳಿದ ಕೊನೆಯ ತಣ್ಣೀರಿನ ಬಾಟಲಿ, ಇವೆಲ್ಲವೂ ರಜೆ ಬಂದೊಡನೆ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಬೇಕಾಗುತ್ತವೆ. ಜಗಳವೆಲ್ಲ ಪಾಲಿಗಾಗಿ. ಆದ್ದರಿಂದ ಪ್ರತಿ ಸಲವೂ ತೀರ್ಪು ಕೊಡಲು ಕೂರುವುದಕ್ಕಿಂತ ಹಂಚಿಕೆಗೊಂದು ನಿಯಮ ಮಾಡಿಕೊಟ್ಟು ಪಕ್ಕಕ್ಕೆ ಸರಿಯುವುದು ಲೇಸು. ಆಗ ಅವರ ಜಗಳ ನಿಯಮದ ಜೊತೆಗೆ ನಡೆಯುತ್ತದೆ, ನಿಮ್ಮ ಜೊತೆಗಲ್ಲ.

ಫ್ಯಾನಿನ ವಿಷಯವನ್ನೇ ಮೊದಲು ಹೇಳುತ್ತೇನೆ. ನಮ್ಮಲ್ಲಿರುವುದು ಕತ್ತು ತಿರುಗಿಸುವ ಸ್ಟ್ಯಾಂಡ್ ಫ್ಯಾನು. ಅದರ ಮುಂದೆ ನಾಲ್ವರೂ ಸಾಲಾಗಿ ಮಲಗಿದಾಗ ಯಾವ ಜಾಗ ಉತ್ತಮ ಎಂಬ ಬಗ್ಗೆ ದೊಡ್ಡವಳಿಗೂ ಎರಡನೆಯವಳಿಗೂ ಮೊದಲಿನಿಂದಲೂ ಭಿನ್ನಾಭಿಪ್ರಾಯವಿದೆ. ನಡುವೆ ಮಲಗಿದವರಿಗೆ ಫ್ಯಾನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಗಾಳಿ ಸಿಗುತ್ತದೆಯೆಂದು ದೊಡ್ಡವಳು ವಾದಿಸುತ್ತಾಳೆ. ತುದಿಯಲ್ಲಿ ಮಲಗಿದವರಿಗೆ ಸುತ್ತಿಗೊಂದೇ ಸಲ ಸಿಕ್ಕರೂ, ದಿಕ್ಕು ಬದಲಿಸುವ ಮುನ್ನ ಫ್ಯಾನು ಅಲ್ಲಿ ನಿಧಾನವಾಗುವುದರಿಂದ ಗಾಳಿ ಹೆಚ್ಚು ಹೊತ್ತು ಇರುತ್ತದೆಯೆಂದು ಎರಡನೆಯವಳು ಪ್ರತಿವಾದ ಹೂಡುತ್ತಾಳೆ. ಇಬ್ಬರ ಮಾತೂ ನಿಜವೇ ಆಗಿರುವುದರಿಂದ ಒಬ್ಬಳು ನಡುವನ್ನು, ಇನ್ನೊಬ್ಬಳು ತುದಿಯನ್ನು ಹಿಡಿದು ಸುಮ್ಮನಾಗಬಹುದಿತ್ತು. ಆದರೆ ತಾನು ಬೇಡವೆಂದು ಬಿಟ್ಟ ಜಾಗದಲ್ಲಿ ಅಕ್ಕನೋ ತಂಗಿಯೋ ಹಾಯಾಗಿ ಕಣ್ಣು ಮುಚ್ಚಿರುವುದನ್ನು ಕಂಡ ಕ್ಷಣವೇ ಆ ಜಾಗಕ್ಕೆ ಬೆಲೆ ಬಂದುಬಿಡುತ್ತದೆ.

ಮೂರನೆಯವಳದು ಬೇರೆಯೇ ತಕರಾರು. ಕೋಣೆ ಬಿಟ್ಟು ಹೊರಡುವಾಗ ಫ್ಯಾನು ಆರಿಸೆಂದರೆ, ತಾನು ಮರಳಿ ಬರುವಷ್ಟರಲ್ಲಿ ಕೋಣೆ ತಂಪಾಗಿರಲಿ ಎನ್ನುತ್ತಾಳೆ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಬೇಗ ಆರಿಸಿ ಮೈಯನ್ನು ಮಾತ್ರ ತಂಪು ಮಾಡುತ್ತದೆ ಎಂದು ವಿವರಿಸಿದರೂ ಅವಳು ಒಪ್ಪಲಿಲ್ಲ. ಕೊನೆಗೆ ಗೋಡೆಯ ಉಷ್ಣಮಾಪಕವನ್ನು ತೆಗೆದು ಫ್ಯಾನಿನ ಮುಂದೆ ಇಟ್ಟೆವು. ಅದು ಇದ್ದಲ್ಲೇ ನಿಂತಿತು. ಅದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಇಟ್ಟಾಗ ಪಾದರಸ ಕಣ್ಣೆದುರೇ ಇಳಿಯತೊಡಗಿತು. ಮೂರನೆಯವಳು ಮುಖ ಊದಿಸಿಕೊಂಡು ಫ್ಯಾನು ಆರಿಸಿದಳು. ಕಿರಿಯವಳು ಮಾತ್ರ ಈ ಪ್ರಯೋಗದಿಂದ ತನಗೆ ಬೇಕಾದ ಪಾಠ ಕಲಿತು, ಒಂದು ಚೊಂಬು ನೀರು ತಂದು ಮಲಗಿದ್ದ ದೊಡ್ಡಕ್ಕನ ಮೇಲೆ ಸುರಿದಳು. ವಿಜ್ಞಾನದ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ. ಅಂದ ಹಾಗೆ, ಕೋಣೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಫ್ಯಾನು ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ನಿಮ್ಮ ಮನೆಯಲ್ಲಿ ಏಸಿ ಇದ್ದು ರಿಮೋಟಿಗಾಗಿ ಎಳೆದಾಟ ನಡೆಯುತ್ತಿದ್ದರೆ ಅದೇ ಸಂಸ್ಥೆಯ ಸಲಹೆ ಉಪಯೋಗಕ್ಕೆ ಬರುತ್ತದೆ: ಏಸಿಯನ್ನು 27ಕ್ಕೆ ಇಟ್ಟು ಜೊತೆಗೆ ಫ್ಯಾನು ಹಾಕಿದರೆ ಕೋಣೆ 4 ಡಿಗ್ರಿ ಹೆಚ್ಚು ತಂಪಾಗಿದೆ ಎನಿಸುತ್ತದೆ. ಹದಿನೆಂಟಕ್ಕೆ ಇಟ್ಟು ಮೇಲೆ ಕಂಬಳಿ ಹೊದೆಯುವ ಮಗಳಿಗೆ ಇದನ್ನು ಓದಿ ಹೇಳಿ.

ತಿನ್ನುವ ವಸ್ತುವಿನ ಹಂಚಿಕೆ ಇದಕ್ಕಿಂತ ಸೂಕ್ಷ್ಮವಾದದ್ದು. ಇಬ್ಬರೇ ಮಕ್ಕಳಾದರೆ ಒಬ್ಬಳು ಕತ್ತರಿಸಲಿ, ಇನ್ನೊಬ್ಬಳು ಮೊದಲು ಆರಿಸಿಕೊಳ್ಳಲಿ ಎಂದರೆ ಮುಗಿಯಿತು. ಮೂವರಾದೊಡನೆ ಅದು ಗಣಿತಜ್ಞರ ನಿದ್ದೆಗೆಡಿಸಿದ ಸಮಸ್ಯೆಯಾಗುತ್ತದೆ. ಪೋಲೆಂಡಿನ ಹ್ಯೂಗೊ ಸ್ಟೈನ್‌ಹೌಸ್ 1940ರ ದಶಕದಲ್ಲಿ ಇದನ್ನು ಗಂಭೀರ ಗಣಿತವಾಗಿ ಕೈಗೆತ್ತಿಕೊಂಡರು. ಮೂವರಲ್ಲಿ ಯಾರಿಗೂ ಇನ್ನೊಬ್ಬರ ಪಾಲು ತನ್ನದಕ್ಕಿಂತ ದೊಡ್ಡದೆನಿಸದ ಹಾಗೆ ಹಂಚುವ ಕ್ರಮವನ್ನು 1960ರ ಸುಮಾರಿಗೆ ಜಾನ್ ಸೆಲ್‌ಫ್ರಿಜ್ ಕಂಡುಕೊಂಡರು. ಜಾನ್ ಕಾನ್ವೇ ಕೂಡ ಸ್ವತಂತ್ರವಾಗಿ ಅದೇ ಕ್ರಮವನ್ನು ಕಂಡುಹಿಡಿದರು. ಅದರಲ್ಲಿ ಹೆಚ್ಚೆಂದರೆ ಐದು ಸಲ ಕತ್ತರಿಸಿದರೆ ಸಾಕು. ನಾಲ್ವರಿಗೆ ಹಂಚುವಾಗ ಇಂತಿಷ್ಟು ಸಲ ಕತ್ತರಿಸಿದರೆ ಮುಗಿಯುವುದು ಖಚಿತ ಎನ್ನಬಹುದಾದ ಕ್ರಮ ಪ್ರಕಟವಾಗಲು 2016 ಬರಬೇಕಾಯಿತು. ಹಾರಿಸ್ ಅಝೀಜ್ ಮತ್ತು ಸೈಮನ್ ಮೆಕೆಂಜಿ ರೂಪಿಸಿದ ಆ ಕ್ರಮದಲ್ಲಿ ಕತ್ತರಿಸುವ ಮಿತಿ 203. ನೀವು ಮೂವರಿಗೇ ನಿಲ್ಲಿಸಿದ್ದರಿಂದ ಐದರಲ್ಲಿ ಪಾರಾದಿರಿ. ನಾನು ಕಲ್ಲಂಗಡಿಗೆ 203 ಸಲ ಚಾಕು ಹಾಕಿದರೆ ಅದನ್ನು ಲೋಟದಲ್ಲಿ ಅಳೆದು ಹಂಚಬೇಕಾಗುತ್ತದೆ.

ನಮ್ಮ ಮನೆಯ ನಿಯಮ ಅಷ್ಟು ಘನವಾದದ್ದಲ್ಲ. ಕತ್ತರಿಸಿದವಳು ಎಲ್ಲರಿಗಿಂತ ಕೊನೆಗೆ ತೆಗೆದುಕೊಳ್ಳಬೇಕು, ಅಷ್ಟೇ. ಉಳಿಯುವ ಚಿಕ್ಕ ಹೋಳು ತನ್ನ ಪಾಲಿಗೇ ಬರುತ್ತದೆಂದು ಗೊತ್ತಿರುವುದರಿಂದ ಪ್ರತಿಯೊಬ್ಬಳೂ ಅಕ್ಕಸಾಲಿಗರ ನಿಖರತೆಯಲ್ಲಿ ಕತ್ತರಿಸುತ್ತಾಳೆ. ಮೂರನೆಯವಳಂತೂ ತನ್ನ ಶಾಲೆಯ ಸ್ಕೇಲನ್ನು ತೊಳೆದು ತಂದು ಹಣ್ಣಿನ ಮೇಲೆ ಅಡ್ಡಲಾಗಿ ಇಟ್ಟು, ಒಂದು ಕಣ್ಣು ಮುಚ್ಚಿ, ಉಗುರಿನಿಂದ ಗೆರೆ ಎಳೆದ ಮೇಲೆಯೇ ಚಾಕು ಹಿಡಿಯುವುದು. ಕಿರಿಯವಳ ಸರದಿಯಲ್ಲಿ ಚಾಕು ನನ್ನ ಕೈಯಲ್ಲಿರುತ್ತದೆ, ಬೆರಳಿಟ್ಟು ತೋರಿಸುವ ಅಧಿಕಾರ ಅವಳದು.

ಉಳಿದೆಲ್ಲಕ್ಕೂ ನಾವು ಕ್ಯಾಲೆಂಡರನ್ನು ಆಶ್ರಯಿಸಿದೆವು. ಆ ದಿನದ ತಾರೀಖನ್ನು ನಾಲ್ಕರಿಂದ ಭಾಗಿಸಬೇಕು. ಶೇಷ ಒಂದು ಬಂದರೆ ದೊಡ್ಡವಳಿಗೆ, ಎರಡಾದರೆ ಎರಡನೆಯವಳಿಗೆ, ಮೂರಾದರೆ ಮೂರನೆಯವಳಿಗೆ, ಸೊನ್ನೆಯಾದರೆ ಕಿರಿಯವಳಿಗೆ ಫ್ಯಾನಿನ ಜಾಗದಿಂದ ಹಿಡಿದು ಸ್ನಾನದವರೆಗೆ ಎಲ್ಲದರಲ್ಲೂ ಮೊದಲ ಹಕ್ಕು. ಈ ವ್ಯವಸ್ಥೆ ಸೊಗಸಾಗಿ ನಡೆಯುತ್ತಿದ್ದಾಗ ಕಿರಿಯವಳು ಭಾಗಾಕಾರ ಕಲಿತಳು. ಒಂದು ಮಧ್ಯಾಹ್ನವಿಡೀ ಕ್ಯಾಲೆಂಡರಿನ ಮುಂದೆ ಕುಳಿತು, 31 ದಿನಗಳ ತಿಂಗಳಲ್ಲಿ ಅಕ್ಕಂದಿರಿಗೆ ತಲಾ ಎಂಟು ದಿನ ಸಿಕ್ಕರೆ ತನಗೆ ಏಳೇ ದಿನ ಎಂಬುದನ್ನು ಪತ್ತೆಹಚ್ಚಿದಳು. ಮೂವತ್ತು ದಿನಗಳ ತಿಂಗಳಲ್ಲಿ ತನ್ನ ಜೊತೆಗೆ ಮೂರನೆಯವಳಿಗೂ ಏಳೇ ಎಂದು ತೋರಿಸಿ ಅವಳನ್ನೂ ತನ್ನ ಪಕ್ಷಕ್ಕೆ ಸೇರಿಸಿಕೊಂಡಳು. ಎಲ್ಲರಿಗೂ ಸಮನಾಗಿ ಏಳು ದಿನ ಬರುವ ತಿಂಗಳು ಫೆಬ್ರವರಿಯೊಂದೇ, ಅಧಿಕ ವರ್ಷದಲ್ಲಿ ಅದೂ ಇಲ್ಲ, ಎಂಬ ಟಿಪ್ಪಣಿಯನ್ನು ಕೆಂಪು ಪೆನ್ನಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅಂದಿನಿಂದ ಪ್ರತಿ ತಿಂಗಳೂ ಶೇಷಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ನಿಮ್ಮ ಮೂವರಿಗೆ ಮೂರರಿಂದ ಭಾಗಿಸಿದರೆ 30 ದಿನಗಳ ತಿಂಗಳಲ್ಲಿ ತಲಾ ಹತ್ತು ದಿನ ಸರಿಯಾಗಿ ಬರುತ್ತದೆ. 31ನೆಯ ತಾರೀಖಿನ ಹಕ್ಕನ್ನು ನೀವೇ ಇಟ್ಟುಕೊಂಡು ಆ ದಿನ ಫ್ಯಾನಿನ ಮುಂದೆ ಮಲಗಿಬಿಡಿ.

ಹಕ್ಕಿನ ಜೊತೆಗೆ ಹೊಣೆಯನ್ನೂ ಕಟ್ಟಿಹಾಕುವುದನ್ನು ಮರೆಯಬೇಡಿ. ಒಬ್ಬರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನಾಲ್ವರು ಹುಡುಗಿಯರೂ ಅವರ ತಾಯಿಯೂ ಸೇರಿದರೆ ದಿನಕ್ಕೆ 250ರಿಂದ 500. ಸ್ನಾನದ ಮನೆಯ ಜಾಲರಿ ಕಟ್ಟಿಕೊಳ್ಳದೆ ಇನ್ನೇನಾದೀತು? ಅಡ್ಡಬಿದ್ದ ಕೂದಲಿನ ಉದ್ದ ಅಳೆದು ಅದು ಯಾರದೆಂದು ತನಿಖೆ ನಡೆಸುವ ಕಾಲವೊಂದಿತ್ತು. ಮೊದಲ ಹಕ್ಕು ಯಾರದೋ ಜಾಲರಿ ಶುಚಿ ಮಾಡುವ ಕೆಲಸವೂ ಆ ದಿನ ಅವಳದೇ ಎಂದು ಗೊತ್ತುಪಡಿಸಿದ ಮೇಲೆ, ಎರಡನೆಯವಳು ಆಗಾಗ ಬಲು ಉದಾರವಾಗಿ ತನ್ನ ಸರದಿಯನ್ನು ತಂಗಿಯರಿಗೆ ಬಿಟ್ಟುಕೊಡುತ್ತಾಳೆ. ನೀರು ಕುಡಿದ ಲೋಟ ಯಾರದೆಂದು ತಿಳಿಯದೆ ಸಂಜೆಯೊಳಗೆ ಮನೆಯ ಲೋಟಗಳೆಲ್ಲ ಸಿಂಕಿಗೆ ಬೀಳುವುದನ್ನು ತಪ್ಪಿಸಲು, ಒಬ್ಬೊಬ್ಬಳೂ ತನ್ನ ಬಣ್ಣದ ಹೇರ್ ಬ್ಯಾಂಡನ್ನು ತನ್ನ ಲೋಟಕ್ಕೆ ಸುತ್ತಬೇಕೆಂದೂ ಹೇಳಿದ್ದೇವೆ. ಲೋಟಗಳು ಉಳಿದವು, ಜಡೆ ಹಾಕುವ ಹೊತ್ತಿಗೆ ಹೇರ್ ಬ್ಯಾಂಡಿಗಾಗಿ ಅಡುಗೆಮನೆಗೆ ಓಡುವುದು ಹೊಸದಾಗಿ ಸೇರಿಕೊಂಡಿತು.

ಇನ್ನು ಎರಡನೆಯ ಫ್ಯಾನು. ಧಾರಾಳವಾಗಿ ಕೊಳ್ಳಿ, ಆದರೆ ಜಗಳ ನಿಂತೀತೆಂಬ ಆಸೆಯಿಂದ ಬೇಡ. ನಾವೂ ಒಂದನ್ನು ತಂದು ಪಕ್ಕದ ಕೋಣೆಯಲ್ಲಿ ಇಟ್ಟೆವು. ಅಲ್ಲಿ ಪಾಲು ಕೇಳಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಒಬ್ಬಳೂ ಅತ್ತ ಸುಳಿಯಲಿಲ್ಲ. ರಾತ್ರಿ ಹೊರಗಿನ ಗಾಳಿ ಮನೆಯೊಳಗಿನದಕ್ಕಿಂತ ತಂಪಾದ ಮೇಲೆ ಆ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖವಾಗಿಟ್ಟರೆ, ಅದು ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳುತ್ತದೆ, ಎದುರು ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ನಾವು ಈಗ ಹಾಗೆಯೇ ಮಾಡುತ್ತಿದ್ದೇವೆ. ಆ ಎದುರು ಕಿಟಕಿಯ ಕೆಳಗೆ ಯಾರ ಹಾಸಿಗೆ ಇರಬೇಕೆಂಬುದನ್ನೂ ಕ್ಯಾಲೆಂಡರಿಗೇ ಬಿಟ್ಟಿದ್ದೇವೆ.