ಥಿಯರಿ ಅಧ್ಯಾಯ ಮುಗಿಸಿಟ್ಟು ಆಮೇಲೆ ಚಿತ್ರಕ್ಕೆ ಕೂರುವವರಿಗೆ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಬಗ್ಗೆ ಪ್ರಬಂಧದ ಜೊತೆಗೆ ಮಕ್ಕಳ ಚಿತ್ರಪುಸ್ತಕ ಮಾಡುತ್ತಿರುವ ವಿರಾಜಪೇಟೆಯವರ ಪೋಸ್ಟ್ ನೋಡಿದೆ. ವಿಶುವಲ್ ಕಲ್ಚರ್ (ಚಿತ್ರಗಳನ್ನ ಸಮಾಜ ಹೇಗೆ ನೋಡುತ್ತೆ ಅನ್ನೋ ಅಧ್ಯಯನ) ಅಧ್ಯಾಯ ಬರೆದಾಯ್ತು, ಪಿಂಟರೆಸ್ಟ್ ಬೋರ್ಡ್ ರೆಡಿ ಇದೆ, ಇನ್ನು ಯಾವ ಚಿತ್ರಕ್ಕೆ ಯಾವ ಥಿಯರಿ ಹೊಂದುತ್ತೆ ಹೇಳಿ ಅಂತ ಕೇಳಿದ್ದೀರಿ. ದಯವಿಟ್ಟು ಅಲ್ಲೇ ನಿಲ್ಲಿಸಿ. ನಾನೂ ಒಮ್ಮೆ ಇದೇ ದಾರಿ ಹಿಡಿದಿದ್ದೆ. ಸಂಬಂಧವೇ ಇಲ್ಲದ ಎರಡು ಪ್ರಾಜೆಕ್ಟ್‌ಗೆ ಒಂದೇ ರಟ್ಟು ಹಾಕಿದ ಹಾಗಾಯ್ತು.

ಕಲಾಶಿಕ್ಷಣದ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಹೇಳಿದ ಸಂಶೋಧನೆಯ ಮೂರು ಬಗೆ ನಿಮ್ಮ ಅಧ್ಯಾಯದಲ್ಲೂ ಇರುತ್ತೆ: ಕಲೆಯ ಬಗ್ಗೆ, ಕಲೆಗಾಗಿ, ಕಲೆಯ ಮೂಲಕ. ಬೋರ್ಡ್‌ಗೆ ಫೋಟೋ ಅಂಟಿಸೋದು ಎರಡನೆಯದು. ಗೈಡ್ ಕೇಳೋದು ಮೂರನೆಯದನ್ನ. ಅದು ಸಿಗೋದು ನಿಮ್ಮ ಥಂಬ್‌ನೇಲ್‌ಗಳಲ್ಲಿ (ಪುಟ್ಟ ಕಚ್ಚಾ ಚಿತ್ರಗಳಲ್ಲಿ), ಅದರಲ್ಲೂ ಬೇಡ ಅಂತ ಬಿಟ್ಟವುಗಳಲ್ಲಿ.

ನನಗೆ ಕೆಲಸಕ್ಕೆ ಬಂದದ್ದು ಕಮ್ಯುಟೇಶನ್ ಟೆಸ್ಟ್. ಭಾಷಾಶಾಸ್ತ್ರದವರ ಪರೀಕ್ಷೆ, ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1964ರಲ್ಲಿ ಚಿಹ್ನೆಗಳನ್ನ ಓದೋಕೂ ಅದನ್ನ ತಂದ. ಒಂದೇ ಒಂದು ಅಂಶ ಬದಲಾಯಿಸಿ, ಉಳಿದದ್ದು ಹಾಗೇ ಇರಲಿ. ಅರ್ಥ ಬದಲಾಯ್ತಾ? ಹಾಗಾದರೆ ಆ ಅಂಶಕ್ಕೆ ಅಲ್ಲಿ ಕೆಲಸ ಇತ್ತು. ಇಲಸ್ಟ್ರೇಟರ್ ದಿನಾ ಮಾಡೋದು ಇದನ್ನೇ ಅಲ್ವಾ? ಪಕ್ಕದಲ್ಲಿ ಬರೆದಿಡೋದಿಲ್ಲ, ಅಷ್ಟೇ.

ಮೊದಲು ಬೇರೆಯವರ ಚಿತ್ರದ ಮೇಲೆ ಕೈ ಪಳಗಿಸಿ. ಜರ್ಮನ್ ಚಿತ್ರಕಾರ ವಿಂಟರ್‌ಹಾಲ್ಟರ್ 1852ರಲ್ಲಿ ಬರೆದ ಗೌರಮ್ಮನ ಭಾವಚಿತ್ರ ತಗೊಳ್ಳಿ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಯ್ತು, ರಾಜ ಗಡೀಪಾರಾದ. 1852ರಲ್ಲಿ ಲಂಡನ್‌ನಲ್ಲಿ ಈ ಹುಡುಗಿ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಚಿತ್ರ ಬರೆಸಿದ್ದೂ ರಾಣಿಯೇ. ಮೈಮೇಲೆ ಭಾರತದ ಉಡುಗೆ, ಒಡವೆ. ಕೈಯಲ್ಲಿ ಬೈಬಲ್.

ಇದನ್ನ ಅಂಗೈಯಗಲದಲ್ಲಿ ಪೆನ್ಸಿಲ್‌ನಲ್ಲಿ ನಕಲು ಮಾಡಿ. ಟ್ರೇಸ್ ಬೇಡ, ಟ್ರೇಸ್ ಮಾಡುವಾಗ ಕಣ್ಣು ಮಲಗಿರುತ್ತೆ. ಇನ್ನೊಂದು ನಕಲಿನಲ್ಲಿ ಬೈಬಲ್ ತೆಗೆಯಿರಿ. ಪೂರ್ವದೇಶದ ಯಾರೋ ಶ್ರೀಮಂತ ಹುಡುಗಿ ಆಗ್ತಾಳೆ. ಮತ್ತೊಂದರಲ್ಲಿ ಬೈಬಲ್ ಇಟ್ಟು ಗೌನ್ ತೊಡಿಸಿ. ಅರಮನೆಯ ಹತ್ತಾರು ಹುಡುಗಿಯರಲ್ಲಿ ಒಬ್ಬಳು ಆಗ್ತಾಳೆ. ರಾಣಿಗೆ ಎರಡೂ ಒಟ್ಟಿಗೆ ಬೇಕಿತ್ತು: ಮತ ಬದಲಾಗಬೇಕು, ನೋಡೋಕೆ ಮಾತ್ರ ದೂರದೇಶದವಳಾಗೇ ಇರಬೇಕು. ಯಾರು ಯಾರನ್ನ ನೋಡುತ್ತಿದ್ದಾರೆ, ಆ ನೋಟದಲ್ಲಿ ಯಾರ ಅಧಿಕಾರ ಇದೆ ಅನ್ನೋದು ಇಲ್ಲಿ ನಿಮ್ಮ ಕೈಯಲ್ಲೇ ನಡೆದು ಹೋಗುತ್ತೆ. ಥಿಯರಿಯ ಕೊಟೇಶನ್ ಅದರ ಪಕ್ಕ ಬರಲಿ. ಒಂದು ಸಾಕು.

ಈಗ ನೀವು ಹಾಕಿರುವ ಕದಿರು ತೆಗೆಯುವ ಪುಟ. ಗೆರೆ ಚೆನ್ನಾಗಿದೆ. ಆದರೆ ಹಿಂದೆ ಬಿಸಿಲು, ಹಸಿರು ಗುಡ್ಡ, ಮಂಜು. ಪುತ್ತರಿ ಹುಣ್ಣಿಮೆ ರಾತ್ರಿಯ ಹಬ್ಬ ಕಣ್ರೀ! ಬೋರ್ಡ್‌ನಲ್ಲಿ ಹಗಲಿನ ಫೋಟೋಗಳೇ ಜಾಸ್ತಿ, ಯಾಕಂದ್ರೆ ಹಗಲಲ್ಲಿ ಫೋಟೋ ತೆಗೆಯೋದು ಸುಲಭ. ಮಂಜಿನ ಗುಡ್ಡವಂತೂ ಹೋಂಸ್ಟೇ ಜಾಹೀರಾತಿನಿಂದ ನೇರ ಇಳಿದಿದೆ. ಮೊದಲು ಬೆಳಕು ಬದಲಾಯಿಸಿ: ಬಿಸಿಲಿನ ಜಾಗದಲ್ಲಿ ಬೆಳದಿಂಗಳು, ಕೈಯಲ್ಲಿ ದೀಪ. "ಪೊಲಿ ಪೊಲಿ ದೇವಾ" ಅನ್ನುವ ಕೂಗು, ಕೋವಿಯ ಸದ್ದು ಆಗ ತಾವಾಗೇ ಚಿತ್ರಕ್ಕೆ ಬರುತ್ತವೆ. ಆಮೇಲೆ ಜನ. ಎಲ್ಲರೂ ಕುಪ್ಯಚೇಲೆ (ಕೊಡವ ಗಂಡಸರ ನಿಲುವಂಗಿ, ಸೊಂಟಪಟ್ಟಿ) ತೊಟ್ಟು ನಿಂತಿದ್ದಾರೆ. ಆ ಗದ್ದೆಯಲ್ಲಿ ನಾಟಿ ಮಾಡಿದವರು ಎಲ್ಲಿ? ಅವರನ್ನ ಸೇರಿಸಿ ಒಂದು, ಬಿಟ್ಟು ಒಂದು ಬರೆಯಿರಿ. ಮಗುವಿಗೆ ಯಾವುದು ಏನು ಹೇಳುತ್ತೆ ಅಂತ ಕೆಳಗೆ ಎರಡು ಸಾಲು. ಅದೇ ನಿಮ್ಮ ಮೂರನೇ ಅಧ್ಯಾಯ.

ಒಂದೇ ಸಲಕ್ಕೆ ಎರಡು ಅಂಶ ಬದಲಾಯಿಸಬೇಡಿ, ಯಾವುದರಿಂದ ಏನಾಯ್ತು ಗೊತ್ತಾಗೋದಿಲ್ಲ. ಬಣ್ಣಕ್ಕೆ ಈ ಪರೀಕ್ಷೆ ಅಷ್ಟು ಒಗ್ಗೋದಿಲ್ಲ, ಒಂದು ಬಣ್ಣ ಬದಲಾದರೆ ಪಕ್ಕದ್ದೂ ಬೇರೆ ಥರ ಕಾಣುತ್ತೆ. ಕೈಮಡದ (ಮನೆತನದ ಹಿರಿಯರ ಗುಡಿಯ) ಒಳಗಿನದನ್ನ ಬರೆಯೋ ಮೊದಲು ಮನೆಯವರನ್ನ ಕೇಳಿ. ಬೇಡ ಅಂದ್ರೆ ಬೇಡ.

ಬೋರ್ಡ್‌ನಲ್ಲಿ ಎಡಬಲ ತಿರುಗಿಸಿದ ಫೋಟೋಗಳೂ ಇವೆ. ಕೊಡವತಿ ಸೀರೆಯ ಸೆರಗು ಬಲ ಹೆಗಲ ಮೇಲೆ ಬರುತ್ತೆ, ನೆರಿಗೆ ಹಿಂದೆ. ನಿಮ್ಮ ಚಿತ್ರದ ಅಜ್ಜಿಯ ಸೆರಗು ಎಡಕ್ಕೆ ಹೋಗಿದೆ. ಐಪ್ಯಾಡ್‌ನಲ್ಲಿ ಕ್ಯಾನ್ವಾಸ್ ಫ್ಲಿಪ್ ಮಾಡಿ ಮರೆತರೂ ಹೀಗಾಗುತ್ತೆ. ಎಐ ಚಿತ್ರವನ್ನಂತೂ ರೆಫರೆನ್ಸ್ ಅಂತ ಇಟ್ಟುಕೊಳ್ಳಲೇಬೇಡಿ. ಕೊಕ್ಕೆತಾತಿ ಅನ್ನೋ ಕೊಡವ ಕೊರಳೊಡವೆಯ ಅರ್ಧಚಂದ್ರ, ಮೇಲಿನ ಹೆಡೆ ಎಲ್ಲ ಕಲಸಿ ಯಾವುದೋ ಪದಕ ಮಾಡಿಬಿಡುತ್ತೆ. ಐನ್‌ಮನೆಯ (ಮನೆತನದ ಮೂಲಮನೆಯ) ಐಮರದ ಮೇಲೆ, ಅಂದ್ರೆ ಜಗಲಿಯ ಮರದ ಆಸನದ ಮೇಲೆ ಕೂತು ಒಂದು ಮಧ್ಯಾಹ್ನ ಕಂಬ ಬರೆಯಿರಿ, ಸಾಕು.

ಹೊರಗೆ ಬರೆಯೋಕೆ ಪೈಲಟ್ ವಿ5 ಪೆನ್ ಬೇಡ, ಒಂದು ಹನಿ ಬಿದ್ದರೂ ಹರಡುತ್ತೆ. ಯೂನಿ ಪಿನ್ ನೀರಿಗೆ ಜಗ್ಗೋದಿಲ್ಲ. ಪೇಪರ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಸೈಜಿಂಗ್ (ಪೇಪರ್ ನೀರು ಹೀರದಂತೆ ತಡೆಯುವ ಅಂಟು) ಹೋದರೆ ದುಬಾರಿ ಕಾಟನ್ ಪೇಪರ್ ಕೂಡ ಬಣ್ಣ ಹೀರಿ ಕಲೆಕಲೆ ಆಗುತ್ತೆ. ಗಾಳಿ ಹೋಗದ ಡಬ್ಬಿ, ಒಳಗೆ ಸಿಲಿಕಾ ಜೆಲ್.

ಡಮ್ಮಿ (ಪುಸ್ತಕದ ಕಚ್ಚಾ ಮಾದರಿ) ಆದಮೇಲೆ ಅಂಗನವಾಡಿ ಮಕ್ಕಳಿಗೆ ಅಕ್ಷರ ಮುಚ್ಚಿ ತೋರಿಸಿ. "ಚೆನ್ನಾಗಿದ್ಯಾ" ಅಂತ ಕೇಳಬೇಡಿ, ಎಲ್ಲ ಮಕ್ಕಳೂ ಹೂಂ ಅಂತಾರೆ. "ಇಲ್ಲಿ ಏನಾಗ್ತಾ ಇದೆ" ಅಂತ ಕೇಳಿ. ಆಮೇಲೆ ಅಕ್ಷರ ತೆರೆದು ಮತ್ತೆ ಕೇಳಿ. ಬಾರ್ತ್ ಹೇಳುವ ಆಂಕರೇಜ್, ಅಂದ್ರೆ ಬರಹ ಚಿತ್ರದ ಅರ್ಥವನ್ನ ಕಟ್ಟಿಹಾಕೋದು, ಎಷ್ಟು ಆಗ್ತಾ ಇದೆ ಅಂತ ಅಲ್ಲೇ ಕಾಣುತ್ತೆ. ಮಕ್ಕಳ ಮಾತನ್ನ ಅವರ ಭಾಷೆಯಲ್ಲೇ ಬರೆದುಕೊಳ್ಳಿ, ಹೆಸರು ಬೇಡ.

ಇಂಕ್ ಇನ್ನೂ ಹಾಕಬೇಡಿ. ಬೆಳದಿಂಗಳಿನ ಥಂಬ್‌ನೇಲ್‌ಗಳನ್ನ, ಕೆಟ್ಟವನ್ನೂ ಸೇರಿಸಿ, ಇಲ್ಲೇ ಹಾಕಿ. ನೋಡಿ ಹೇಳ್ತೀನಿ.