ಉಪಮೆ, ರೂಪಕ, ಉತ್ಪ್ರೇಕ್ಷೆ: ‘ಅಂತೆ’ ಹುಡುಕೋದು ಬಿಡಿ

ಹತ್ತನೇ ಕ್ಲಾಸಿನ ಮಗಳು ಉಪಮೆ, ರೂಪಕ, ಉತ್ಪ್ರೇಕ್ಷೆ ಈ ಮೂರೂ ಅಲಂಕಾರಗಳನ್ನು (ಮಾತಿಗೆ ಸೊಬಗು ಕೊಡುವ ರೀತಿಗಳನ್ನು) ಅದಲುಬದಲು ಮಾಡ್ತಾಳೆ, ಹೇಗೆ ಹೇಳಿಕೊಡೋದು ಅಂತ ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ವ್ಯಾಕರಣ ಹೇಳಿಕೊಡುತ್ತೇನೆ. ಇಲ್ಲೂ ಮಕ್ಕಳು ಜಾಸ್ತಿ ಎಡವೋದು ಇದೇ ಜಾಗದಲ್ಲಿ. ‘ಅಂತೆ, ಹಾಗೆ ಬಂದರೆ ಉಪಮೆ’ ಅಂತ ಬಾಯಿಪಾಠ ಮಾಡಿರುತ್ತಾರೆ. ಆದರೆ ಉತ್ಪ್ರೇಕ್ಷೆಯಲ್ಲೂ ‘ಎಂಬಂತೆ’ ಬರುತ್ತದೆ ಅಲ್ವಾ? ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಆ ಪದ ಹುಡುಕೋದು ಬಿಟ್ಟು, ಹೇಳುವವರು ಎರಡು ವಸ್ತುಗಳನ್ನು ಏನು ಮಾಡುತ್ತಿದ್ದಾರೆ ಅಂತ ನೋಡಲು ಹೇಳಿ.

ನಮ್ಮ ಕಡೆಯ ಕಬ್ಬಿನ ಗದ್ದೆಯನ್ನೇ ತಗೊಳ್ಳಿ. ‘ಕಬ್ಬಿನ ಗದ್ದೆ ಕಡಲಿನಂತೆ ಅಲೆಯಾಡುತ್ತಿದೆ.’ ಇಲ್ಲಿ ಗದ್ದೆ ಗದ್ದೆಯೇ, ಕಡಲು ಕಡಲೇ. ಪಕ್ಕಪಕ್ಕ ಇಟ್ಟು ಹೋಲಿಸಿದ್ದಾರೆ, ಅಷ್ಟೇ. ಇದು ಉಪಮೆ. ಹೋಲಿಸಿದ ಗದ್ದೆ ಉಪಮೇಯ, ಯಾವುದಕ್ಕೆ ಹೋಲಿಸಿದರೋ ಆ ಕಡಲು ಉಪಮಾನ, ಹೋಲಿಕೆ ಸೂಚಿಸುವ ‘ಅಂತೆ’ ಉಪಮಾವಾಚಕ, ಎರಡರಲ್ಲೂ ಇರುವ ಗುಣ, ಅಂದರೆ ಅಲೆಯಾಡುವುದು, ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಬಿಟ್ಟುಹೋದರೂ ಲುಪ್ತೋಪಮೆ.

‘ಗಾಳಿ ಬೀಸಿತು, ಕಬ್ಬಿನ ಕಡಲು ಉಕ್ಕಿತು.’ ಈಗ ಹೋಲಿಸುವ ಮಾತೇ ಇಲ್ಲ. ಗದ್ದೆಯೇ ಕಡಲು ಅಂದುಬಿಟ್ಟರು. ಎರಡಕ್ಕೂ ಭೇದವಿಲ್ಲದ್ದರಿಂದ ರೂಪಕ.

‘ನಾಲೆಯಲ್ಲಿ ಬಂದ ಕಾವೇರಿಯೇ ಹಸಿರು ಸೀರೆ ಉಟ್ಟು ಎದ್ದು ನಿಂತಳೋ ಎಂಬಂತೆ ಕಬ್ಬು ಬೆಳೆದಿದೆ.’ ಇದು ಉತ್ಪ್ರೇಕ್ಷೆ. ಕಾವೇರಿ ಎದ್ದು ನಿಂತಿಲ್ಲ ಅಂತ ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಆದರೂ ಹಾಗೇ ಇರಬಹುದೇನೋ ಅಂತ ಕಲ್ಪಿಸಿದ್ದಾರೆ. ‘ನಿಂತಳೋ’ ಅನ್ನುವ ಆ ‘ಓ’ ಮೇಲೆ ಬೆರಳಿಟ್ಟು ತೋರಿಸಿ. ಮೂರರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಕೆಆರ್‌ಎಸ್ ನೀರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಹರಿದು ಬಯಲೆಲ್ಲ ಹಸಿರಾಗೋದನ್ನು ನೋಡಿದವರಿಗೆ ಈ ಮಾತು ಸುಳ್ಳು ಅನ್ನಿಸೋದೇ ಇಲ್ಲ.

ಈ ಮೂರರ ಜೊತೆ ಬರುವ ದೃಷ್ಟಾಂತ ಅಲಂಕಾರ ಸುಲಭ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಎರಡು ಬೇರೆ ಬೇರೆ ಮಾತು, ಒಂದು ಇನ್ನೊಂದರ ಪ್ರತಿಬಿಂಬ. ಅನುಪ್ರಾಸ, ಅಂದರೆ ಒಂದೇ ಅಕ್ಷರ ಮತ್ತೆ ಮತ್ತೆ ಬರೋದು, ಕಿವಿಗೆ ಸಂಬಂಧಿಸಿದ್ದು, ಜೋರಾಗಿ ಓದಿಸಿದರೆ ಗೊತ್ತಾಗುತ್ತದೆ.

ಇದೆಲ್ಲ ಸುಮ್ನೆ ಮಾರ್ಕ್ಸಿಗೆ ಅಂತ ಅವಳಿಗೆ ಅನ್ನಿಸಬಾರದು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ 9ನೇ ಶತಮಾನದ ‘ಕವಿರಾಜಮಾರ್ಗ’. ಅದರ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಕ್ಕೇ ಮೀಸಲು. ಮನೆಮಾತಲ್ಲೂ ಇಂಥದ್ದು ಬೇಕಾದಷ್ಟಿದೆ. ‘ಜಾತ್ರೆಗೆ ಊರಿಗೆ ಊರೇ ಬಂದಿತ್ತು’ ಅಂತೀವಿ. ಊರು ಎದ್ದು ಬರುತ್ತದಾ? ಬಂದದ್ದು ಊರಿನ ಜನ. ಹೀಗೆ ಪದದ ನೇರ ಅರ್ಥ ಬಿಟ್ಟು ಅದಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥ ತಗೊಳ್ಳೋದನ್ನು ಲಕ್ಷಣೆ ಅಂತಾರೆ. ಪಠ್ಯದಲ್ಲಿ ಇಲ್ಲದಿದ್ದರೂ ಹೇಳಿಕೊಡಿ, ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ.

ಆಮೇಲೆ ಆಲೆಮನೆ ಹೊಗೆಯೋ, ಅಜ್ಜಿಯ ಬಿಳಿಕೂದಲೋ, ಒಂದೇ ವಸ್ತು ಕೊಟ್ಟು ಮೂರು ಅಲಂಕಾರದಲ್ಲೂ ಅವಳಿಂದಲೇ ವಾಕ್ಯ ಮಾಡಿಸಿ. ಪರೀಕ್ಷೆಯಲ್ಲಿ ಅಲಂಕಾರದ ಹೆಸರು ಬರೆಯುವ ಮೊದಲು ಉಪಮೇಯ ಯಾವುದು, ಉಪಮಾನ ಯಾವುದು ಅಂತ ಗೆರೆ ಎಳೆದುಕೊಳ್ಳಲಿ. ಸಮನ್ವಯ, ಅಂದರೆ ಅಲಂಕಾರದ ಲಕ್ಷಣ ಆ ವಾಕ್ಯಕ್ಕೆ ಹೇಗೆ ಹೊಂದುತ್ತದೆ ಅನ್ನೋ ವಿವರಣೆ, ಬರೆಯೋದಕ್ಕೆ ಹೇಗೂ ಅದು ಬೇಕೇ ಬೇಕು.